ಹಿತ್ತಿಲ ಕಟ್ಟಿಗೆ ಮನೆ: ಕಟ್ಟಿದವರು ಮತ್ತು ತುಂಬಿದವರು

ಊರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ದೇವಸ್ಥಾನದಿಂದ ಶುರು ಮಾಡುತ್ತಾರೆ. ಆಮೇಲೆ ಕೆರೆ, ಮಠ, ಸೊಸೈಟಿ, ಶಾಲೆ ಬರುತ್ತವೆ. ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಚರಿತ್ರೆಗೆ ಸಂಬಂಧಿಸಿದ ಲೇಖನವೊಂದನ್ನು ಕೊಡಬೇಕೆಂದು ಗುರುಗಳು ಹೇಳಿದಾಗ ನನಗೂ ಮೊದಲು ಹೊಳೆದದ್ದು ಇವೇ. ಆದರೆ ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಇದ್ದಾರೆ. ನಾನು ಓದಿದ್ದು ಬಿ.ಇ., ಮಾಡುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆದ್ದರಿಂದ ಯಾವ ಶಾಸನದಲ್ಲೂ ಇಲ್ಲದ, ಆದರೆ ಈ ಶಿರಸಿ ಸೀಮೆಯ ಬಹುತೇಕ ಮನೆಗಳ ಹಿಂದೆ ಇದ್ದ ಒಂದು ಕಟ್ಟಡವನ್ನು ಆರಿಸಿಕೊಂಡಿದ್ದೇನೆ. ಅದೇ ಕಟ್ಟಿಗೆ ಮನೆ. ಬೇರೆ ಕಡೆ ಇದನ್ನು ಸೌದೆ ಕೊಟ್ಟಿಗೆ ಎನ್ನುತ್ತಾರೆ.

ಇದಕ್ಕೆ ಕಾರಣವೂ ಇದೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಕಟ್ಟಿಗೆ ಮನೆಯನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುವುದೆಂದು ಮಾತಾಗಿತ್ತು. ಕೆಡವುವ ಮೊದಲು ಅಳತೆ ತೆಗೆಯೋಣವೆಂದು ಟೇಪು ಹಿಡಿದು ಒಳಗೆ ಹೋದೆ. ಉದ್ದ 18 ಅಡಿ, ಅಗಲ 12 ಅಡಿ. ಅಂಚಿನಲ್ಲಿ ಮಾಡಿನ ಎತ್ತರ 7 ಅಡಿ, ನಡುವೆ ತುದಿಯಲ್ಲಿ 11 ಅಡಿ. ಅಳತೆ ಹತ್ತು ನಿಮಿಷದಲ್ಲಿ ಮುಗಿಯಿತು. ಆದರೆ ಅಲ್ಲಿದ್ದ ಒಂದೊಂದು ವಸ್ತುವೂ ಎಲ್ಲಿಂದ ಬಂತು, ಯಾವಾಗ ಬಂತು, ಯಾರು ತಂದರು ಎಂದು ಕೇಳುತ್ತ ಹೋದರೆ ರಜೆಯೆಲ್ಲ ಅದರಲ್ಲೇ ಕಳೆಯಿತು. ಹಾಗೆ ಕೇಳಿ ತಿಳಿದದ್ದನ್ನೂ ಪುಸ್ತಕಗಳಲ್ಲಿ ಓದಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮಳೆಗಾಲದ ಲೆಕ್ಕ

ಕಟ್ಟಿಗೆ ಮನೆ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ನಮ್ಮ ಮಳೆಯಲ್ಲಿದೆ. ಶಿರಸಿಯಲ್ಲಿ ವರ್ಷಕ್ಕೆ ಸರಾಸರಿ 2500 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಬಯಲುಸೀಮೆಯಲ್ಲಿ ಮನೆಯ ಮುಂದೆ ಕಟ್ಟಿಗೆ ಒಟ್ಟಿಟ್ಟರೂ ನಡೆಯುತ್ತದೆ, ನೆನೆದದ್ದು ಎರಡು ದಿನದ ಬಿಸಿಲಿಗೆ ಒಣಗುತ್ತದೆ. ಇಲ್ಲಿ ಆರಿದ್ರೆ ಮಳೆಗೆ ನೆನೆದದ್ದು ದೀಪಾವಳಿಯವರೆಗೂ ಒಣಗುವುದಿಲ್ಲ. ಆ ನಾಲ್ಕು ತಿಂಗಳು ಅಡುಗೆ ಒಲೆ ಉರಿಯಬೇಕು, ಬಚ್ಚಲ ಹಂಡೆ ಕಾಯಬೇಕು, ಬಾಣಂತಿ ಇದ್ದರೆ ಆ ಕೋಣೆಗೂ ಬೆಂಕಿ ಬೇಕು. ಎಲ್ಲವೂ ಮೇ ತಿಂಗಳೊಳಗೆ ಕೂಡಿಟ್ಟ ಕಟ್ಟಿಗೆಯ ಮೇಲೆಯೇ ನಡೆಯಬೇಕು.

ಹಸಿ ಕಟ್ಟಿಗೆ ಯಾಕಾಗದು ಎಂಬುದನ್ನು ವಿಜ್ಞಾನದ ಲೆಕ್ಕದಲ್ಲೂ ಹೇಳಬಹುದು. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಮಾಡಿನ ಕೆಳಗೆ ಗಾಳಿಯಾಡಿ ಒಣಗಿದ ಮೇಲೆ ಅದು ನೂರಕ್ಕೆ 20 ಭಾಗದ ಆಸುಪಾಸಿಗೆ ಇಳಿಯುತ್ತದೆ. ಹಸಿ ಕಟ್ಟಿಗೆಯನ್ನು ಒಲೆಗೆ ಹಾಕಿದರೆ ಬೆಂಕಿಯ ಶಕ್ತಿಯ ಒಂದು ಪಾಲು ಮೊದಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಕಿಲೋಗೆ ಕಿಲೋ ಹೋಲಿಸಿದರೆ ಒಣ ಕಟ್ಟಿಗೆಯಿಂದ ಸಿಗುವ ಶಾಖದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಹಸಿಯದರಿಂದ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಲೆಯ ಬಿಸಿ ಏರದೆ ಇದ್ದಾಗ ಕಟ್ಟಿಗೆಯಿಂದ ಹೊರಟ ಅನಿಲ ಪೂರ್ತಿ ಉರಿಯದೆ ಹೊಗೆಯಾಗಿ ಅಡುಗೆಮನೆ ತುಂಬುತ್ತದೆ. ಕಟ್ಟಿಗೆ ಮನೆಯ ಮಾಡು ಸೋರಿದರೆ ಅದರ ಫಲ ಉಣ್ಣುವವರು ಒಲೆಯ ಮುಂದೆ ಕೂತವರು.

ಕಟ್ಟುವ ಕ್ರಮ

ನೋಡಲು ಇದು ನಾಲ್ಕು ಕಂಬದ ಒಂದು ಮಾಡು, ಅಷ್ಟೆ. ಆದರೆ ಕಟ್ಟುವಾಗ ಹಿರಿಯರು ಪಾಲಿಸುತ್ತಿದ್ದ ನಿಯಮಗಳು ಹಲವು.

ಮೊದಲನೆಯದು ಜಾಗ. ಹಿತ್ತಿಲ ಬಾಗಿಲಿಗೂ ಬಚ್ಚಲಿಗೂ ಹತ್ತಿರ ಇರಬೇಕು, ಆದರೆ ಮನೆಗೆ ಅಂಟಿಕೊಂಡಿರಬಾರದು. ಅಂಟಿಕೊಂಡಿದ್ದರೆ ಬೆಂಕಿಯ ಭಯ, ಒರಲೆಯ ಭಯ, ಹಾವು ಚೇಳಿನ ಭಯ. ನಮ್ಮಲ್ಲಿ ಮನೆಗೂ ಅದಕ್ಕೂ ಹದಿನೈದು ಹೆಜ್ಜೆ. ಮಳೆಯಲ್ಲಿ ಒಂದು ಹೊರೆ ಕಟ್ಟಿಗೆಯನ್ನು ಸೆರಗಿನಡಿ ಹಿಡಿದು ಓಡಿ ಬರಬಹುದಾದ ದೂರ ಅದು.

ಎರಡನೆಯದು ದಿಕ್ಕು. ನಮ್ಮ ಮಳೆ ಬೀಸಿ ಬರುವುದು ಪಶ್ಚಿಮ ಮತ್ತು ನೈಋತ್ಯದಿಂದ. ಆದ್ದರಿಂದ ಆ ಎರಡು ಬದಿಗೆ ಚಿರೆಕಲ್ಲಿನ ಗೋಡೆ, ಅಥವಾ ಅಡಿಕೆ ಸೋಗೆಯ ಜಡಿತಟ್ಟಿ. ಪೂರ್ವ ಪೂರ್ತಿ ತೆರೆದಿರಬೇಕು, ಬೆಳಗಿನ ಬಿಸಿಲೂ ಗಾಳಿಯೂ ಒಳಗೆ ಬರಬೇಕು. ನಾಲ್ಕೂ ಕಡೆ ಗೋಡೆ ಎತ್ತಿ ಬಾಗಿಲು ಇಟ್ಟರೆ ಕಟ್ಟಿಗೆ ನೆನೆಯುವುದಿಲ್ಲ ನಿಜ, ಆದರೆ ಒಣಗುವುದೂ ಇಲ್ಲ, ಬೂಸಲು ಹಿಡಿಯುತ್ತದೆ. ಇತ್ತೀಚೆಗೆ ಸಿಮೆಂಟ್ ಇಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿಸಿದ ಕೆಲವರಿಗೆ ಈ ಪಾಠ ಆಗಿದೆ.

ಮೂರನೆಯದು ನೆಲ. ಸುತ್ತಲಿನ ಅಂಗಳಕ್ಕಿಂತ ಒಂದು ಅಡಿಯಾದರೂ ಎತ್ತರಿಸಿ, ಅದರ ಮೇಲೆ ಕಲ್ಲು ಇಟ್ಟು, ಕಲ್ಲಿನ ಮೇಲೆ ಅಡ್ಡ ದಿಮ್ಮಿ ಹಾಸಿ, ಅದರ ಮೇಲೆ ಕಟ್ಟಿಗೆ ಒಟ್ಟಬೇಕು. ಅಡಿಯಿಂದ ಗಾಳಿಯಾಡಿದರೆ ಒರಲೆ ಬೇಗ ಏರುವುದಿಲ್ಲ. ಏರಿದರೂ ಮಣ್ಣಿನ ಗೂಡು ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ.

ನಾಲ್ಕನೆಯದು ಮಾಡು. ಕಂಬಕ್ಕೆ ಮತ್ತಿಯಂಥ ಗಟ್ಟಿ ಮರ, ಪಕಾಸಿಗೆ ಬಿದಿರು, ರೀಪಿಗೆ ಸೀಳಿದ ಅಡಿಕೆ ದಬ್ಬೆ. ಮೇಲೆ ಹೊದಿಸುತ್ತಿದ್ದದ್ದು ಅಡಿಕೆ ಸೋಗೆ ಅಥವಾ ಕರಡದ ಹುಲ್ಲು. ಸೋಗೆಯ ಮಾಡನ್ನು ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಹೊದಿಸಬೇಕಿತ್ತು. ಅದು ಒಬ್ಬರ ಕೆಲಸವಲ್ಲ, ಕೇರಿಯವರೆಲ್ಲ ಸೇರಿ ಮನೆಯಿಂದ ಮನೆಗೆ ಮುರಿಯಾಳಿನಲ್ಲಿ ಮಾಡುವ ಕೆಲಸ.

ಹಂಚು ಬಂದದ್ದು ನಿಧಾನವಾಗಿ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಯಂತ್ರದಿಂದ ಒತ್ತಿದ ಹಂಚಿನ ಕಾರ್ಖಾನೆ ಆರಂಭಿಸಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಕೆಂಪು ಹಂಚು ಮೊದಲು ಕಚೇರಿ, ಬಂಗಲೆ, ಶಾಲೆಗಳ ಮೇಲೆ ಏರಿತು. ಆಮೇಲೆ ಶ್ರೀಮಂತರ ಮನೆಗಳಿಗೆ, ಅದಾದ ಮೇಲೆ ಉಳಿದ ಮನೆಗಳಿಗೆ ಬಂತು. ಕಟ್ಟಿಗೆ ಮನೆಯ ಸರದಿ ಎಲ್ಲಕ್ಕೂ ಕೊನೆಗೆ. ನಮ್ಮಲ್ಲಿ ವಾಸದ ಮನೆಗೆ ಹೊಸ ಹಂಚು ಹೊದಿಸಿದಾಗ ಇಳಿಸಿದ ಹಳೇ ಹಂಚೇ ಕಟ್ಟಿಗೆ ಮನೆಗೆ ಏರಿತು. ಬಹಳ ಮನೆಗಳಲ್ಲಿ ಹೀಗೆಯೇ ಆಗಿದೆ. ಮನೆಯ ಹಳೇ ಬಾಗಿಲು, ಹಳೇ ತೊಲೆ, ಒಡೆದ ತೊಟ್ಟಿಲ ಪಟ್ಟಿ ಎಲ್ಲವೂ ಕೊನೆಗೆ ಸೇರುವುದು ಇಲ್ಲಿಗೇ. ಹಾಗಾಗಿ ಮನೆ ನೂರು ವರ್ಷದ ಹಿಂದೆ ಹೇಗಿತ್ತು ಎಂದು ತಿಳಿಯಬೇಕಾದರೆ ಮನೆಯನ್ನಲ್ಲ, ಕಟ್ಟಿಗೆ ಮನೆಯನ್ನು ನೋಡಬೇಕು.

ಒಟ್ಟುವುದರಲ್ಲೂ ಕ್ರಮವಿತ್ತು. ಒಳಗೆ ಎರಡು ಅಂಕಣ. ಒಂದರಲ್ಲಿ ಹೋದ ವರ್ಷದ್ದು, ಇನ್ನೊಂದರಲ್ಲಿ ಈ ವರ್ಷದ್ದು. ಹಳೆಯದು ಮುಗಿಯುವವರೆಗೆ ಹೊಸದನ್ನು ಮುಟ್ಟುವಂತಿಲ್ಲ. ಮೊದಲು ಬಂದದ್ದು ಮೊದಲು ಹೋಗಬೇಕೆಂಬ ಈ ಪದ್ಧತಿಯನ್ನು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ‘ಕ್ಯೂ’ ಎಂಬ ಹೆಸರಿನಲ್ಲಿ ಒಂದು ವಾರ ಕಲಿಸಿದರು. ನಮ್ಮ ಅಮ್ಮಮ್ಮ ಅದನ್ನು ಒಂದೇ ಬೈಗುಳದಲ್ಲಿ ಕಲಿಸಿದ್ದಳು.

ಹತಾರದ ಗೋಡೆ

ಕಟ್ಟಿಗೆ ಮನೆಯ ಇನ್ನೊಂದು ಪಾಲು ಹತಾರಗಳದ್ದು. ಒಣಗಿದ ಜಾಗದಲ್ಲಿ ಕಬ್ಬಿಣಕ್ಕೆ ತುಕ್ಕು ಕಡಿಮೆ, ಮರದ ಕಾವಿಗೆ ಹುಳ ಕಡಿಮೆ. ಕೊಡಲಿ, ಗುದ್ದಲಿಗಳಿಗೆ ಕಾವು ಹಾಕಲು ಆರಿಸಿದ ಕೋಲುಗಳನ್ನು ವರ್ಷವಿಡೀ ಇಲ್ಲಿ ಮಾಡಿಗೆ ಸಿಕ್ಕಿಸಿ ಹದ ಮಾಡುತ್ತಿದ್ದರು. ಹಸಿ ಕಾವು ಹಾಕಿದರೆ ಒಣಗಿದ ಮೇಲೆ ಸಡಿಲವಾಗಿ ಕೊಡಲಿಯ ತಲೆ ಹಾರಿ ಹೋಗುತ್ತದೆ.

ನಮ್ಮ ಪಶ್ಚಿಮದ ಗೋಡೆಯಲ್ಲಿ ಈಗಲೂ ಇರುವುದನ್ನು ಪಟ್ಟಿ ಮಾಡಿದೆ. ಎರಡು ನೊಗ, ಒಂದು ಮರದ ನೇಗಿಲು, ಹಾರೆ, ಪಿಕಾಸಿ, ಮೂರು ಬಗೆಯ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಕೊನೆ ಇಳಿಸುವ ದೋಟಿ, ಹಳೇ ಕಂಬಳಿಕೊಪ್ಪೆ, ಮತ್ತು ಮದ್ದು ಹೊಡೆಯುವ ಹಿತ್ತಾಳೆಯ ಪಂಪು.

ಈ ಪಂಪಿಗೂ ಒಂದು ಚರಿತ್ರೆ ಇದೆ. ಅಡಿಕೆಯ ಕೊಳೆರೋಗಕ್ಕೆ ನಮ್ಮವರು ಹಿಂದಿನಿಂದ ಮಾಡುತ್ತಿದ್ದ ಉಪಾಯ ಕೊನೆಗೆ ಕೊಟ್ಟೆ ಕಟ್ಟುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಅಲ್ಲಿಂದ ಮುಂದೆ ಮೈಲುತುತ್ತಿನ ಡಬ್ಬಿ, ಸುಣ್ಣದ ಮಡಕೆ, ಪಂಪು, ಉದ್ದದ ಪೈಪು ಇವೆಲ್ಲವೂ ಕಟ್ಟಿಗೆ ಮನೆಗೆ ಬಂದು ಸೇರಿದವು. ಗೋಡೆಯ ಕೆಳಭಾಗದಲ್ಲಿ ಹಿಡಿದ ಆ ನೀಲಿ ಕಲೆ ಇನ್ನೂ ಹೋಗಿಲ್ಲ.

ಕಟ್ಟಿಗೆ ಯಾರದು?

ಇಲ್ಲಿಯವರೆಗೆ ಹೇಳಿದ್ದು ಕಟ್ಟಡದ ಕಥೆ. ಒಳಗೆ ತುಂಬಿದ ಕಟ್ಟಿಗೆಯ ಕಥೆ ಇದಕ್ಕಿಂತ ಕಷ್ಟದ್ದು.

ಕಾಡು ಸುತ್ತಲೂ ಇದ್ದರೂ ಕಾಡಿನ ಕಟ್ಟಿಗೆ ಎಲ್ಲರದೂ ಆಗಿರಲಿಲ್ಲ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1865ರಲ್ಲಿ ಮೊದಲ ಅರಣ್ಯ ಕಾಯ್ದೆ, 1878ರಲ್ಲಿ ಅದಕ್ಕಿಂತ ಬಿಗಿಯಾದ ಎರಡನೆಯದು, 1927ರಲ್ಲಿ ಮೂರನೆಯದು ಬಂದವು. ಹಡಗಿಗೆ, ರೈಲು ಹಳಿಯ ಕೆಳಗಿನ ದಿಮ್ಮಿಗೆ ಒಳ್ಳೆಯ ಮರ ಬೇಕಿದ್ದ ಸರಕಾರ ಕಾಡನ್ನು ಅಳೆದು, ಕಲ್ಲು ನೆಟ್ಟು, ಕಾಯ್ದಿಟ್ಟ ಅರಣ್ಯವೆಂದು ಘೋಷಿಸಿತು. ಕುಮರಿ ಬೇಸಾಯ ಮಾಡಿಕೊಂಡಿದ್ದವರು ಕಾಡಿನಿಂದ ಹೊರಬಿದ್ದರು.

ಅಡಿಕೆ ತೋಟದವರಿಗೆ ಮಾತ್ರ ಒಂದು ರಿಯಾಯಿತಿ ಉಳಿಯಿತು. ಅದೇ ಸೊಪ್ಪಿನ ಬೆಟ್ಟ. ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ. ಭೂಮಿ ಸರಕಾರದ್ದು, ಬಳಕೆ ತೋಟಿಗನದ್ದು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು, ಮನೆಬಳಕೆಗೆ ಕಟ್ಟಿಗೆ ಅಲ್ಲಿಂದ ತರಬಹುದು, ಮಾರುವಂತಿಲ್ಲ. ನಮ್ಮ ಕಟ್ಟಿಗೆ ಮನೆ ತುಂಬಿದ್ದು ಈ ಬೆಟ್ಟದಿಂದ.

ಹಾಗಾದರೆ ತೋಟವೇ ಇಲ್ಲದವರು ಏನು ಮಾಡುತ್ತಿದ್ದರು? ತೋಟವಿಲ್ಲದವರಿಗೆ ಬೆಟ್ಟವಿಲ್ಲ. ಅವರಿಗೆ ಉಳಿದದ್ದು ಕಾಡಿನಲ್ಲಿ ಬಿದ್ದ ಒಣ ಕಟ್ಟಿಗೆ, ಅದೂ ತಲೆಹೊರೆಯಲ್ಲಿ ತರುವಷ್ಟು. ಗಾರ್ಡು ಬಂದರೆ ಹೊರೆಯೂ ಹೋಯಿತು, ಕತ್ತಿಯೂ ಹೋಯಿತು.

1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಮೇಲೆ, ಅದೇ ವರ್ಷ ನಮ್ಮ ಜಿಲ್ಲೆಯಲ್ಲಿ ಅರಣ್ಯ ಸತ್ಯಾಗ್ರಹವೂ ನಡೆಯಿತು. ಕಾಯ್ದೆ ಮುರಿದು ಮರ ಕಡಿದು ಜನ ಜೈಲಿಗೆ ಹೋದರು. ಸಮುದ್ರದ ಬದಿಯವರಿಗೆ ಉಪ್ಪು ಹೇಗೋ ಕಾಡಿನ ಬದಿಯವರಿಗೆ ಮರ ಹಾಗೆ. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿದ ಈ ಸಂಗತಿಗೆ ನಮ್ಮ ಹಿತ್ತಿಲಿನಲ್ಲೇ ಸಾಕ್ಷಿ ಇದೆಯೆಂದು ಶಾಲೆಯಲ್ಲಿದ್ದಾಗ ನನಗೆ ಹೊಳೆದಿರಲಿಲ್ಲ.

ಕಾಡು ಕಡಿಮೆಯಾದ ಕಾಲ

ಸ್ವಾತಂತ್ರ್ಯ ಬಂದಿತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಡಿನ ಮೇಲಿನ ಬೇಡಿಕೆ ಮಾತ್ರ ಹೆಚ್ಚಿತು. ಐವತ್ತರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂತು, ಬಿದಿರು ಲಾರಿಗಟ್ಟಲೆ ಹೋಯಿತು. ಕಾಳಿ ನದಿಗೆ ಅಣೆಕಟ್ಟು ಬಂದು ಕಾಡು ಮುಳುಗಿತು. ಮಿಶ್ರ ಕಾಡನ್ನು ಸವರಿ ಸಾಗುವಾನಿ ನೆಟ್ಟರು. ಕಟ್ಟಿಗೆ ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಪಕಾಸಿಗೆ ಬಿದಿರು ಸಿಗುವುದು ಕಷ್ಟವಾಯಿತು, ಕಟ್ಟಿಗೆ ತರುವ ದಾರಿ ಉದ್ದವಾಯಿತು.

1983ರ ಸೆಪ್ಟೆಂಬರ್ 8ರಂದು ನಮ್ಮ ತಾಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದಲ್ಲಿ 1973ರಲ್ಲಿ ಹುಟ್ಟಿದ ಚಿಪ್ಕೋ ಇಲ್ಲಿ ಅಪ್ಪಿಕೋ ಆಯಿತು. ಪಾಂಡುರಂಗ ಹೆಗಡೆಯವರು ಅದನ್ನು ಮುನ್ನಡೆಸಿದವರಲ್ಲಿ ಪ್ರಮುಖರು. ಈ ಚಳವಳಿಯ ಮೂರು ಮಾತುಗಳು ಉಳಿಸು, ಬೆಳೆಸು, ಬಳಸು. ಮೊದಲಿನ ಎರಡನ್ನು ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ. ಮೂರನೆಯದು ಕಟ್ಟಿಗೆ ಮನೆಗೆ ನೇರ ಸಂಬಂಧಪಟ್ಟದ್ದು. ಕಾಡನ್ನು ಬಳಸುವುದಾದರೆ ಹದವರಿತು ಬಳಸಬೇಕು, ಕಟ್ಟಿಗೆ ಕಡಿಮೆ ತಿನ್ನುವ ಒಲೆ ಹಾಕಬೇಕು, ಗೋಬರ್ ಗ್ಯಾಸ್ ಕಟ್ಟಬೇಕು ಎಂಬುದು ಅದರ ಅರ್ಥ.

ಆ ಒಲೆ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಅಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ಗ್ರಾಮಗಳಿಗೆ ಬೇಕಾದ ತಂತ್ರವಿದ್ಯೆಯನ್ನು ರೂಪಿಸುವುದು ಅದರ ಗುರಿ. ಅವರ ತಂಡ ಕುಣಿಗಲ್ ತಾಲೂಕಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಇಂಧನದ ಲೆಕ್ಕ ತೆಗೆಯಿತು. ಹಳ್ಳಿಯ ಇಂಧನದಲ್ಲಿ ಸಿಂಹಪಾಲು ಕಟ್ಟಿಗೆಯದ್ದು, ಅದು ಹೋಗುವುದು ಬಹುಪಾಲು ಅಡುಗೆಗೆ, ಅದನ್ನು ಕೂಡಿಸುವ ಹೊರೆಯ ದೊಡ್ಡ ಭಾಗ ಹೆಂಗಸರು ಮತ್ತು ಮಕ್ಕಳ ಮೇಲೆ ಎಂದು ಆ ಲೆಕ್ಕ ತೋರಿಸಿತು. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿಂದ ಅಸ್ತ್ರ ಒಲೆ ಹೊರಬಂತು. ಸಾಲಾಗಿ ಮೂರು ಪಾತ್ರೆ, ಒಳಗೆ ಕಬ್ಬಿಣದ ಜಾಲರಿ, ಹೊಗೆಗೆ ಕೊಳವೆ. ಒಲೆಯ ಬಾಯಿ ಚಿಕ್ಕದಾದ್ದರಿಂದ ಉದ್ದನೆಯ ಕುಂಟೆಯನ್ನು ಹಾಗೇ ತುರುಕುವಂತಿರಲಿಲ್ಲ, ಸಣ್ಣದಾಗಿ ಸಿಗಿದು ಹಾಕಬೇಕಿತ್ತು. ಕಟ್ಟಿಗೆ ಉಳಿಯಿತು, ಆದರೆ ಕೊಡಲಿಯ ಕೆಲಸ ಹೆಚ್ಚಿತು. ಸಿಗಿಯುವ ಗಂಡಾಳು ಇಲ್ಲದ ಮನೆಗಳಲ್ಲಿ ಹಳೇ ಒಲೆಯೇ ಮುಂದುವರಿಯಲು ಇದೂ ಒಂದು ಕಾರಣವೆಂದು ಆಯಿ ಹೇಳುತ್ತಾಳೆ.

ತೊಂಬತ್ತರ ದಶಕದಲ್ಲಿ ಗ್ರಾಮ ಅರಣ್ಯ ಸಮಿತಿಗಳು ಬಂದವು, ಬೋಳು ಗುಡ್ಡಗಳ ಮೇಲೆ ಅಕೇಶಿಯಾ ಎದ್ದಿತು, ಕಟ್ಟಿಗೆ ಮನೆಗೆ ಮೊದಲ ಬಾರಿಗೆ ಹೊರದೇಶದ ಮರ ಬಂತು. ಪೇಟೆಯಿಂದ ಗ್ಯಾಸ್ ಸಿಲಿಂಡರ್ ಅನುಕೂಲಸ್ಥರ ಮನೆಗೆ ಬಂತು. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಬಡವರ ಮನೆಗಳಿಗೂ ಹೆಂಗಸರ ಹೆಸರಿನಲ್ಲೇ ಸಂಪರ್ಕ ಸಿಕ್ಕಿತು. ಆದರೂ ಕಟ್ಟಿಗೆ ಪೂರ್ತಿ ಹೋಗಿಲ್ಲ. ಅಡುಗೆಗೆ ಗ್ಯಾಸು, ಬಚ್ಚಲಿಗೆ ಕಟ್ಟಿಗೆ ಎಂಬ ಒಪ್ಪಂದ ಇಂದಿಗೂ ಬಹಳ ಮನೆಗಳಲ್ಲಿದೆ. ಸಿಲಿಂಡರಿನ ಬೆಲೆ ಏರಿದ ತಿಂಗಳು ಕೆಲವು ಮನೆಗಳಲ್ಲಿ ಅಡುಗೆ ಒಲೆಯೂ ಮತ್ತೆ ಹೊತ್ತಿಕೊಳ್ಳುತ್ತದೆ.

ತುಂಬಿದವರು

ಇಷ್ಟೆಲ್ಲ ಕಲೆಹಾಕಿದ ಮೇಲೆ ನನಗೆ ಕಟ್ಟಿಗೆ ಮನೆಯ ಮೇಲೆ ಭಾರಿ ಮಮತೆ ಹುಟ್ಟಿತು. ಕೆಡವುವುದು ಬೇಡ, ಹಾಗೇ ಉಳಿಸೋಣ, ಮಕ್ಕಳಿಗೆ ತೋರಿಸಬಹುದು ಎಂದೆ. ಆಯಿ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು:

“ನಿಂಗೆ ಚಂದ ಕಾಣ್ತು. ಯಂಗೆ ಅದ್ರ ಒಳಗೆ ಹೋದ ಕೂಡ್ಲೆ ಸೊಂಟ ನೋವು ನೆನಪಾಗ್ತು.”

ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಗ್ಯಾಸ್ ಬರುವವರೆಗೆ ದಿನಕ್ಕೆ ಎಷ್ಟು ಸಲ ಆ ಹದಿನೈದು ಹೆಜ್ಜೆ ನಡೆದಿದ್ದಾಳೋ, ಎಷ್ಟು ಮಳೆಗಾಲ ಆ ಹೊಗೆ ಕುಡಿದಿದ್ದಾಳೋ ಅವಳೇ ಲೆಕ್ಕ ಇಟ್ಟಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಕಿರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ಹಳ್ಳಿಗಳಲ್ಲಿ ಒಲೆಯ ಮುಂದೆ ಕೂತ ಹೆಂಗಸರು ಎಷ್ಟು ಹೊಗೆ ಸೇವಿಸುತ್ತಾರೆ ಎಂದು ಅಳೆದರು. ಹೊಗೆಯನ್ನು ಕಾರ್ಖಾನೆಯಲ್ಲಿ, ರಸ್ತೆಯಲ್ಲಿ ಮಾತ್ರ ಹುಡುಕುತ್ತಿದ್ದ ಜಗತ್ತಿಗೆ ಅಡುಗೆಮನೆಯ ಹೊಗೆ ಕಂಡದ್ದು ಇಂಥ ಅಳತೆಗಳಿಂದ. ನಾನು ಟೇಪು ಹಿಡಿದು ಅಳೆದದ್ದು ಮಾಡಿನ ಎತ್ತರವನ್ನು ಮಾತ್ರ.

ಮಾರನೆಯ ದಿನ, ಹಿಂದೆ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರ ಮನೆಗೆ ಹೋದೆ. ಬೆಟ್ಟದಿಂದ ಹೊರೆ ಇಳಿಸಿ ನಮ್ಮ ಕಟ್ಟಿಗೆ ಮನೆ ತುಂಬಿಸುತ್ತಿದ್ದವರಲ್ಲಿ ಅವರೂ ಒಬ್ಬರು. ನಿಮ್ಮ ಮನೆಯ ಕಟ್ಟಿಗೆ ಮನೆ ಹೇಗಿತ್ತು ಎಂದು ಕೇಳಿದೆ. ಅವರು ನಕ್ಕರು.

“ನಮ್ಮನೀಗೆ ಕಟ್ಟಿಗೆ ಮನೆ ಎಲ್ಲಿತ್ತು ತಮಾ? ಒಲೆ ಮ್ಯಾಲಿನ ಅಟ್ಟಣಿಗೇನೇ ನಮ್ಮ ಕಟ್ಟಿಗೆ ಮನೆ. ಇವತ್ತು ತಂದಿದ್ದು ನಾಳೀಗೆ ಒಣಗ್ಬೇಕು.”

ಎರಡು ಅಂಕಣದ ಕ್ರಮ, ಹಳೆಯದು ಮೊದಲು ಹೊಸದು ಆಮೇಲೆ ಎಂಬ ಶಿಸ್ತು, ಇವೆಲ್ಲ ಎರಡು ವರ್ಷದ ಕಟ್ಟಿಗೆಯನ್ನು ಕೂಡಿಡಬಲ್ಲವರ ಸಂಪತ್ತು ಎಂದು ಆಗ ಗೊತ್ತಾಯಿತು. ನಮ್ಮ ಕಟ್ಟಿಗೆ ಮನೆ ತುಂಬಿಸಿ ಸಂಜೆ ಹೊರಟವರು ತಮ್ಮ ಮನೆಗೆ ಇನ್ನೊಂದು ಹೊರೆ ಹುಡುಕಬೇಕಿತ್ತು. ಮಳೆಗಾಲದಲ್ಲಿ ಅವರ ಅಡುಗೆ ಹಸಿ ಕಟ್ಟಿಗೆಯಲ್ಲೇ ಆಗುತ್ತಿತ್ತು.

ಇಲ್ಲಿ ನಮ್ಮ ಶಾಲೆಯ ವಿಷಯವೂ ಬರುತ್ತದೆ. ಕಟ್ಟಿಗೆ ತರುವ ಕಾಲ ಯಾವುದು ಎಂದು ನೋಡಿ. ಅಡಿಕೆ ಕೊಯ್ಲು ಮುಗಿಯುತ್ತ ಬಂದಾಗ, ಸಂಕ್ರಾಂತಿಯಿಂದ ಯುಗಾದಿಯವರೆಗೆ. ಎಸ್.ಎಸ್.ಎಲ್.ಸಿ. ಮಕ್ಕಳು ಕೂತು ಓದಬೇಕಾದ ಕಾಲವೂ ಅದೇ. ನಮ್ಮ ತರಗತಿಯಲ್ಲಿ ಗಣಿತದಲ್ಲಿ ನನಗಿಂತ ಮುಂದಿದ್ದ ಒಬ್ಬ ಹುಡುಗಿ ಇದ್ದಳು. ಪ್ರಮೇಯ ಬರೆಯಲು ಗುರುಗಳು ಹಲಗೆಗೆ ಕರೆಯುತ್ತಿದ್ದದ್ದು ಅವಳನ್ನೇ. ಹತ್ತನೆಯ ತರಗತಿಯ ಜನವರಿಯಲ್ಲಿ ವಾರಕ್ಕೆ ಮೂರು ದಿನ ಬಂದಳು, ಫೆಬ್ರುವರಿಯಲ್ಲಿ ಬರಲೇ ಇಲ್ಲ. ತಾಯಿಗೆ ಕಾಯಿಲೆ, ಮಳೆಗಾಲಕ್ಕೆ ಕಟ್ಟಿಗೆ ಕೂಡಿಸುವವರು ಬೇರೆ ಯಾರೂ ಇಲ್ಲ ಎಂದು ಆಮೇಲೆ ತಿಳಿಯಿತು. ಗುರುಗಳು ಮನೆಯವರೆಗೂ ಹೋಗಿ ಬಂದಿದ್ದರಂತೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಎಂಬ ಗುರುತು ಇದ್ದೀತು, ಗೈರಿನ ಕಾರಣ ಬರೆಯಲು ಆ ಪುಸ್ತಕದಲ್ಲಿ ಕಾಲಮ್ಮು ಇಲ್ಲ. ಅದೇ ತಿಂಗಳು ನಾನು ಜಗಲಿಯಲ್ಲಿ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದೆ. ನಮ್ಮ ಕಟ್ಟಿಗೆ ಮನೆಯನ್ನು ಬೇರೆಯವರು ತುಂಬಿಸುತ್ತಿದ್ದರು.

ನಾನು ಇಂಜಿನಿಯರ್ ಆದದ್ದರಲ್ಲಿ ನನ್ನ ಓದಿನ ಪಾಲು ಇದೆ, ಗುರುಗಳ ಪಾಲು ಇದೆ. ಈ ಸಂಚಿಕೆಯಲ್ಲಿ ಗುರುಗಳ ಉಪಕಾರವನ್ನು ಬಹಳ ಜನ ನೆನೆದಿರುತ್ತಾರೆ, ನಾನೂ ನೆನೆಯುತ್ತೇನೆ. ಜೊತೆಗೆ ಆ ಹೊರೆಗಳ ಪಾಲೂ ಇದೆ ಎಂದು ಇಲ್ಲಿ ದಾಖಲಿಸಬೇಕೆನಿಸಿತು.

ಈಗ

ಕಟ್ಟಿಗೆ ಮನೆಯನ್ನು ಏನು ಮಾಡಿದೆವು ಎಂದು ಓದುಗರು ಕೇಳಬಹುದು. ಆಯಿ ಹೇಳಿದ ಹಾಗೆ ಮಾಡಿದೆವು. ಅರ್ಧ ಇಳಿಸಿದೆವು. ಉಳಿದ ಅರ್ಧಕ್ಕೆ ಅದೇ ಹಂಚು, ಅದೇ ಮತ್ತಿ ಕಂಬ. ಬಿದಿರಿನ ಬದಲು ಅಕೇಶಿಯಾ ಪಕಾಸಿ ಹಾಕಿದೆವು. ಬಚ್ಚಲಿಗೆ ಬೇಕಾದಷ್ಟು ಕಟ್ಟಿಗೆ, ತೋಟದ ಅಡಿಕೆ ಹಾಳೆ ಮತ್ತು ತೆಂಗಿನ ಕರಟ ಒಂದು ಬದಿಗೆ, ಹತಾರ ಇನ್ನೊಂದು ಬದಿಗೆ. ಬಚ್ಚಲಿಗೂ ಕಟ್ಟಿಗೆ ಬೇಡವಾಗಲೆಂದು ಮಾಡಿನ ಮೇಲೆ ಸೋಲಾರ್ ಹಂಡೆ ಕೂರಿಸಿದ್ದೇವೆ. ಮಳೆಗಾಲದಲ್ಲಿ ಅದು ಕೈಕೊಡುತ್ತದೆ, ಆಗ ಕಟ್ಟಿಗೆಯೇ ಗತಿ. ಕಾರು ಉಳಿದ ಜಾಗದಲ್ಲಿ ಸ್ವಲ್ಪ ಇಕ್ಕಟ್ಟಾಗಿ ನಿಲ್ಲುತ್ತದೆ.

ಕೊನೆಯಲ್ಲಿ ಒಂದು ಸಲಹೆ ಇದೆ. ಈಗ ಓದುತ್ತಿರುವ ಮಕ್ಕಳಿಗೆ ಸಮಾಜ ವಿಜ್ಞಾನದ ಚಟುವಟಿಕೆಯೆಂದು ಇದನ್ನು ಕೊಡಬಹುದು. ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ನೆರೆಮನೆಯ ಕಟ್ಟಿಗೆ ಮನೆಯನ್ನು ಅಳೆದು ಚಿತ್ರ ಬರೆಯಲಿ. ಯಾವ ಮರದ ಕಂಬ, ಯಾವ ಹಂಚು, ಯಾವ ಹತಾರ ಎಂದು ಬರೆದಿಡಲಿ. ಕಟ್ಟಿಗೆ ಮನೆ ಇಲ್ಲದಿದ್ದ ಮನೆಗಳಲ್ಲಿ ಕಟ್ಟಿಗೆ ಎಲ್ಲಿಡುತ್ತಿದ್ದರು ಎಂದೂ ಕೇಳಲಿ. ಎಲ್ಲಕ್ಕಿಂತ ಮೊದಲು ಮನೆಯ ಅಜ್ಜಿಯನ್ನೋ ಅಮ್ಮನನ್ನೋ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಕಟ್ಟಿಗೆಯನ್ನು ತಂದವರು ಯಾರು? ಉತ್ತರ ಹೇಳಬಲ್ಲವರು ಈಗಲೂ ಊರಿನಲ್ಲಿದ್ದಾರೆ. ವ್ಯಾಸಂಗ ಅರ್ಧಕ್ಕೆ ಬಿಟ್ಟ ನಮ್ಮ ಸಹಪಾಠಿಗಳೂ ಇದ್ದಾರೆ. ಮಹೋತ್ಸವದ ಆಮಂತ್ರಣ ಅವರಿಗೂ ತಲುಪಲಿ ಎಂದು ಸಮಿತಿಯವರಲ್ಲಿ ವಿನಂತಿಸುತ್ತೇನೆ. ಹಳೇ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರಷ್ಟೇ ಇದ್ದರೆ ಆ ಪಟ್ಟಿ ಅಪೂರ್ಣ.